ಹೈಕುವಿನಲ್ಲಿ ‘ಮೆಮೊರಿ ಸಾಲದು’: ಡೇಟಾಬೇಸ್ ಪದರವನ್ನು ಪೋರ್ಟ್ ಮಾಡಿದಾಗ ಕಂಡ ಒಂದು ದೋಷದ ಶೋಧ

ಲಕ್ಷಣ

ಉಡುಪಿಯ ರಥಬೀದಿಯಿಂದ ಸ್ವಲ್ಪ ದೂರದ ಹಳೆಯ ಮನೆಯೊಂದರಲ್ಲಿ ಯಕ್ಷಗಾನ ಪ್ರಸಂಗ ಪುಸ್ತಕಗಳ ಖಾಸಗಿ ಸಂಗ್ರಹವಿದೆ. ಪುಸ್ತಕಗಳು ಎರಡು ಸಾವಿರದ ಒಳಗೇ. ಅವುಗಳ ಸೂಚಿ ಇರುವುದು ಮಂಗಳೂರಿನಲ್ಲಿ, ಗೆಳೆಯರೊಬ್ಬರ ಕಚೇರಿಯ ಲಿನಕ್ಸ್ ಸರ್ವರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಓದುಗರ ಕೋಣೆಯಲ್ಲಿರುವ ಎರಡು ಹಳೆಯ ಕಂಪ್ಯೂಟರುಗಳು ಈಗಿನ ಭಾರದ ತಂತ್ರಾಂಶಗಳನ್ನು ಹೊರಲಾರವಾದ್ದರಿಂದ ಅವುಗಳಲ್ಲಿ ಹೈಕು ಎಂಬ ಹಗುರ ಕಾರ್ಯಾಚರಣೆ ವ್ಯವಸ್ಥೆಯ 64 ಬಿಟ್ ಬೀಟಾ 5 ಆವೃತ್ತಿಯನ್ನು ಹಾಕಿದ್ದೇನೆ. ಲಿನಕ್ಸಿಗೆಂದು ಸಿ ಭಾಷೆಯಲ್ಲಿ ನಾನೇ ಬರೆದಿದ್ದ ತೆಳುವಾದ ಡೇಟಾಬೇಸಿನೊಡನೆ ಮಾತಾಡುವ ಪದರವನ್ನು ಹೈಕುವಿಗೆ ಪೋರ್ಟ್ ಮಾಡಿ (ಅಂದರೆ ಅದರಲ್ಲಿ ಓಡುವಂತೆ ಒಗ್ಗಿಸಿ), ಅದರ ಮೇಲೆ ಹೈಕುವಿನದೇ ಕಿಟಕಿಗಳನ್ನು ತೆರೆಯುವ ಸಿ++ ಪ್ರೋಗ್ರಾಂ ಒಂದನ್ನು ಕೂರಿಸಿದ್ದೆ. ಪದರವು ಸರ್ವರ್ ಸಿಕ್ಕಾಗ ಪೋಸ್ಟ್‌ಗ್ರೆಸ್‌ನ ಸಂಪರ್ಕ ಲೈಬ್ರರಿಯಾದ ಲಿಬ್‌ಪಿಕ್ಯೂ ಮೂಲಕ ಮಾತಾಡುತ್ತದೆ. ಸಿಗದಿದ್ದಾಗ ಯಂತ್ರದಲ್ಲೇ ಒಂದು ಫೈಲಾಗಿ ಇರುವ ಎಸ್‌ಕ್ಯೂಲೈಟ್ ಪ್ರತಿಯನ್ನು ಓದುತ್ತದೆ.

ಜೂನ್ ತಿಂಗಳು ಬರುವವರೆಗೆ ಎಲ್ಲವೂ ಸರಿಯಿತ್ತು. ಮಳೆ ಹಿಡಿದ ಮೇಲೆ ದಿನಕ್ಕೆ ಮೂರೋ ನಾಲ್ಕೋ ಬಾರಿ, ಹುಡುಕಾಟದ ಗುಂಡಿ ಒತ್ತಿ ಅರ್ಧ ನಿಮಿಷ ಕಾದ ಬಳಿಕ ‘ಔಟ್ ಆಫ್ ಮೆಮೊರಿ’ ಎಂಬ ಸಂದೇಶ ಬರತೊಡಗಿತು. ಹತ್ತು ನಿಮಿಷ ಬಿಟ್ಟು ಅದೇ ಹುಡುಕಾಟ ಮಾಡಿದರೆ ಏಳು ಸಾಲುಗಳ ಉತ್ತರ ನೆಟ್ಟಗೆ ಬರುತ್ತಿತ್ತು. ಏಳು ಸಾಲುಗಳಿಗೆ ಮೆಮೊರಿ ಸಾಲದೆ ಹೋಗುವುದು ಹೇಗೆ ಎಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ. ಯಂತ್ರ ಹಳೆಯದು, ಇದ್ದದ್ದು 2 ಜಿಬಿ, ಆದ್ದರಿಂದ ಇನ್ನೊಂದು 2 ಜಿಬಿಯ ರ‍್ಯಾಮ್ ತಂದು ಹಾಕಿದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಸಂದೇಶ. ಸಂಗ್ರಹವನ್ನು ನೋಡಿಕೊಳ್ಳುವ ಹಿರಿಯರು, “ಮೊನ್ನೆ ತಂದು ಹಾಕಿದ್ದೀರಲ್ಲ ಮಾರಾಯ್ರೆ, ಮತ್ತೆಂತ ಸಾಲದ್ದು ಅದಕ್ಕೆ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹೈಕುವಿಗೆ ಡೇಟಾಬೇಸ್ ತಂತ್ರಾಂಶವನ್ನು ಒಗ್ಗಿಸಲು ಹೊರಟವರಿಗೆ ಇದೇ ದೋಷ ಬೇರೆ ವೇಷದಲ್ಲಿ ಎದುರಾಗುವ ಸಾಧ್ಯತೆ ಹೆಚ್ಚು.

ಹೈಕು ಲಿನಕ್ಸ್ ಅಲ್ಲ

ಹೈಕುವಿನ ಟರ್ಮಿನಲ್ ತೆರೆದರೆ ಬ್ಯಾಶ್ ಇದೆ, ಜಿಸಿಸಿ ಇದೆ, ಮೇಕ್ ಇದೆ. ಹೀಗಾಗಿ ಇದೂ ಯುನಿಕ್ಸ್ ಮನೆತನದ್ದೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆದರೆ ಇದರ ಮೂಲ ಬಿಓಎಸ್. ಜಾನ್-ಲೂಯಿ ಗಾಸೆ 1990ರಲ್ಲಿ ಕಟ್ಟಿದ ಬಿ ಎಂಬ ಕಂಪನಿ ಅದನ್ನು ರೂಪಿಸಿತ್ತು. 2001ರಲ್ಲಿ ಆ ಕಂಪನಿಯ ಆಸ್ತಿ ಪಾಮ್ ಪಾಲಾದಾಗ, ವ್ಯವಸ್ಥೆಯನ್ನು ಮೊದಲಿನಿಂದ ಮತ್ತೆ ಬರೆಯಲು ಹೊರಟ ಸ್ವಯಂಸೇವಕರ ಕೆಲಸವೇ 2004ರಲ್ಲಿ ಹೈಕು ಎಂಬ ಹೆಸರು ಪಡೆಯಿತು. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಸಾಮಾನ್ಯ ಮಾನಕವಾದ ಪೋಸಿಕ್ಸ್‌ನ ನಿಯಮಗಳನ್ನು ಹೈಕು ಬಹುಮಟ್ಟಿಗೆ ಪಾಲಿಸುತ್ತದೆ. ಆದರೆ ನಿಯಮ ಬಾಯಿಬಿಟ್ಟು ಹೇಳದೆ ಉಳಿದ ಕಡೆಗಳಲ್ಲಿ ಅದು ಲಿನಕ್ಸಿನ ರೂಢಿಯನ್ನು ಹಿಡಿಯದೆ ಬಿಓಎಸ್‌ನ ರೂಢಿಯನ್ನು ಹಿಡಿದಿದೆ. ನಮ್ಮ ತಂತ್ರಾಂಶ ನಿಯಮದ ಮೇಲೆ ನಿಂತಿದೆಯೋ ರೂಢಿಯ ಮೇಲೆ ನಿಂತಿದೆಯೋ ಎಂಬುದು ಹೈಕುವಿಗೆ ಬಂದಾಗಲೇ ತಿಳಿಯುವುದು.

ಕಟ್ಟುವ ಹಂತದ ತೊಡಕುಗಳು

ಇವು ಬೇಗ ಮುಗಿಯುವ ಮಾತುಗಳು, ಏಕೆಂದರೆ ಇಲ್ಲಿ ದೋಷವು ತನ್ನ ಹೆಸರನ್ನು ತಾನೇ ಹೇಳುತ್ತದೆ. ಗಣಿತದ ಫಂಕ್ಷನ್‌ಗಳೂ ಪಿಥ್ರೆಡ್‌ಗಳೂ (ಥ್ರೆಡ್ ಎಂದರೆ ಒಂದೇ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಹೈಕುವಿನಲ್ಲಿ ಲಿಬ್‌ರೂಟ್ ಎಂಬ ಮೂಲ ಲೈಬ್ರರಿಯಲ್ಲೇ ಇವೆ. ಆದ್ದರಿಂದ ಲಿನಕ್ಸಿನ ಮೇಕ್‌ಫೈಲಿನಲ್ಲಿ ಗಣಿತಕ್ಕೂ ಥ್ರೆಡ್‌ಗೂ ಬೇರೆ ಬೇರೆ ಲೈಬ್ರರಿ ಸೇರಿಸುವ ಸೂಚನೆಗಳಿದ್ದರೆ ಅವನ್ನು ತೆಗೆಯಬೇಕು. ಇಲ್ಲದಿದ್ದರೆ ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್ ಆ ಲೈಬ್ರರಿಗಳು ಸಿಗುತ್ತಿಲ್ಲ ಎಂದು ನಿಲ್ಲುತ್ತದೆ. ನೆಟ್‌ವರ್ಕ್ ಸಂಪರ್ಕದ ತುದಿಗಳಾದ ಸಾಕೆಟ್‌ಗಳ ವಿಷಯ ಇದಕ್ಕೆ ಉಲ್ಟಾ: ಲಿನಕ್ಸಿನಲ್ಲಿ ಅವು ಮೂಲ ಲೈಬ್ರರಿಯಲ್ಲೇ ಇದ್ದರೆ, ಹೈಕುವಿನಲ್ಲಿ ಲಿಬ್‌ನೆಟ್‌ವರ್ಕ್ ಎಂಬ ಪ್ರತ್ಯೇಕ ಲೈಬ್ರರಿಯಲ್ಲಿವೆ.

ಈ ಎರಡನೆಯದರಲ್ಲಿ ಒಂದು ಮೋಸವಿದೆ. ನೇರವಾಗಿ ಓಡುವ ಪ್ರೋಗ್ರಾಂ ಕಟ್ಟುವಾಗ ಲಿಬ್‌ನೆಟ್‌ವರ್ಕ್ ಬಿಟ್ಟುಹೋದರೆ ಲಿಂಕರ್ ತಕ್ಷಣ ಹೇಳುತ್ತದೆ. ಆದರೆ ನಮ್ಮ ಪದರವನ್ನು ಹಂಚಿಕೆಯ ಲೈಬ್ರರಿಯಾಗಿ ಕಟ್ಟುವಾಗ ಬಿಡಿಸಲಾಗದ ಚಿಹ್ನೆಗಳು (ಎಲ್ಲಿವೆಯೆಂದು ತಿಳಿಯದ ಫಂಕ್ಷನ್ ಹೆಸರುಗಳು) ಉಳಿದರೂ ಲಿಂಕರ್ ಸುಮ್ಮನಿರುತ್ತದೆ, ಮತ್ತು ದೋಷವು ಪ್ರೋಗ್ರಾಂ ಶುರುವಾದಾಗ ರನ್‌ಟೈಮ್ ಲೋಡರಿನ ಬಾಯಲ್ಲಿ -2147478780 ಎಂಬ ಸಂಖ್ಯೆಯಾಗಿ ಹೊರಬರುತ್ತದೆ. ಅದರ ಅರ್ಥ ‘ಚಿಹ್ನೆ ಸಿಗಲಿಲ್ಲ’ ಎಂದಷ್ಟೆ. ಆ ಸಂಖ್ಯೆಯ ಉದ್ದವನ್ನೂ ಅದರ ಮುಂದಿನ ಋಣಚಿಹ್ನೆಯನ್ನೂ ನಾನು ಆ ದಿನ ನೋಡಿದ್ದೆ, ವಿಚಿತ್ರ ಎಂದುಕೊಂಡು ಮುಂದೆ ಹೋಗಿದ್ದೆ. ಮುಂದಿನ ಇಡೀ ದೋಷದ ಕೀಲಿ ಅದೇ ಆಗಿತ್ತು.

ಉಳಿದಂತೆ, ಲೈಬ್ರರಿ ಹುಡುಕುವ ದಾರಿಯನ್ನು ತಿಳಿಸುವ ಪರಿಸರ ಚರದ ಹೆಸರು ಇಲ್ಲಿ ಬರೀ ‘ಲೈಬ್ರರಿ ಪಾತ್’. ಅದರ ಮುಂದೆ ಲಿನಕ್ಸಿನಂತೆ ‘ಎಲ್‌ಡಿ’ ಹಚ್ಚಿದರೆ ಹೈಕು ಅದನ್ನು ಗಮನಿಸುವುದೇ ಇಲ್ಲ. ‘ಬೂಟ್’ ಕೆಳಗಿನ ‘ಸಿಸ್ಟಮ್’ ಫೋಲ್ಡರು ಪ್ಯಾಕೇಜುಗಳಿಂದ ಮೂಡುವಂಥದ್ದು, ಅಲ್ಲಿ ಬರೆಯಲು ಬರುವುದಿಲ್ಲ. ನಾವೇ ಕಟ್ಟಿದ್ದನ್ನು ‘ನಾನ್-ಪ್ಯಾಕೇಜ್ಡ್’ ಎಂಬ ಉಪಫೋಲ್ಡರಿನಲ್ಲಿಡಬೇಕು.

ಯಾವ ಪದರ ಮಾತಾಡುತ್ತಿದೆ?

‘ಔಟ್ ಆಫ್ ಮೆಮೊರಿ’ ಎಂಬ ವಾಕ್ಯವನ್ನು ಹೇಳಬಲ್ಲವರು ಈ ವ್ಯವಸ್ಥೆಯಲ್ಲಿ ನಾಲ್ವರಿದ್ದಾರೆ: ಮಂಗಳೂರಿನ ಪೋಸ್ಟ್‌ಗ್ರೆಸ್ ಸರ್ವರ್, ಇಲ್ಲಿನ ಲಿಬ್‌ಪಿಕ್ಯೂ, ಎಸ್‌ಕ್ಯೂಲೈಟ್, ಮತ್ತು ನನ್ನ ಪದರ. ರ‍್ಯಾಮ್ ಕೊಳ್ಳುವ ಮೊದಲು ಇವರಲ್ಲಿ ಯಾರು ಮಾತಾಡಿದರೆಂದು ನೋಡಬೇಕಿತ್ತು. ಸರ್ವರಿನ ದಾಖಲೆಯಲ್ಲಿ ಆ ಸಮಯಕ್ಕೆ ಯಾವ ದೂರೂ ಇರಲಿಲ್ಲ. ಲಿಬ್‌ಪಿಕ್ಯೂ ತನ್ನ ದೂರನ್ನು ಸಂಪರ್ಕದ ದೋಷ ಸಂದೇಶವಾಗಿ ಇಟ್ಟುಕೊಳ್ಳುತ್ತದೆ. ಅದನ್ನು ಮುದ್ರಿಸಿದಾಗ ಖಾಲಿ ಬಂತು. ಎಸ್‌ಕ್ಯೂಲೈಟ್ ಆ ಹೊತ್ತಿಗೆ ತೆರೆದೇ ಇರಲಿಲ್ಲ. ಉಳಿದವನು ನಾನೇ.

ಎರಡನೆಯ ಸುಳಿವು ಆ ಅರ್ಧ ನಿಮಿಷದ ಕಾಯುವಿಕೆ. ಮೆಮೊರಿ ನಿಜವಾಗಿ ಮುಗಿಯುವುದಾದರೆ ಸರಿಯಾಗಿ ಮೂವತ್ತು ಸೆಕೆಂಡಿಗೇ ಮುಗಿಯಬೇಕಾದ ಕಾರಣವಿಲ್ಲ, ಮತ್ತು ಮೂವತ್ತು ಎಂಬ ಅಂಕಿಯನ್ನು ಕೋಡಿನಲ್ಲಿ ಬರೆದವನು ನಾನು. ಪ್ರಶ್ನೆ ಕಳಿಸಿದ ಮೇಲೆ ಸಾಕೆಟ್ಟಿನಲ್ಲಿ ಉತ್ತರ ಬರುವುದನ್ನು ಪೋಲ್ ಎಂಬ ವ್ಯವಸ್ಥೆಯ ಕರೆಯ ಮೂಲಕ ಕಾಯುವ ಒಂದು ಫಂಕ್ಷನ್ ಇದೆ. ಅದನ್ನು ಇಲ್ಲಿ ‘ಕಾಯು’ ಎಂದು ಕರೆಯೋಣ. ಮೂವತ್ತು ಸೆಕೆಂಡಿನಲ್ಲಿ ಏನೂ ಬಾರದಿದ್ದರೆ ಅದು ‘ಸಮಯ ಮೀರಿತು’ ಎಂಬ ದೋಷವನ್ನು ಹಿಂತಿರುಗಿಸಬೇಕು. ಮಳೆಗೆ ಬ್ರಾಡ್‌ಬ್ಯಾಂಡ್ ಕಡಿದು ಹೋದಾಗ ಆಗಬೇಕಾದದ್ದು ಅದೇ. ಅಂದರೆ ಸರಿಯಾದ ದೋಷ ಹುಟ್ಟಿತ್ತು; ಅದು ದಾರಿಯಲ್ಲಿ ಎಲ್ಲೋ ವೇಷ ಬದಲಿಸಿಕೊಂಡಿತ್ತು.

ಇಷ್ಟು ತಿಳಿದ ಮೇಲೆ ಮಳೆಯನ್ನು ಕಾಯುವ ಅಗತ್ಯ ಉಳಿಯಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಲೀಪ್’ ಎಂಬ ಫಂಕ್ಷನ್ ಇದೆ. ಅದಕ್ಕೆ 60 ಎಂದು ಕೊಟ್ಟರೆ ಸರ್ವರ್ ಅಷ್ಟು ಸೆಕೆಂಡು ಸುಮ್ಮನೆ ಮಲಗಿರುತ್ತದೆ. ಹುಡುಕಾಟದ ಪ್ರಶ್ನೆಯ ಜಾಗದಲ್ಲಿ ಅದನ್ನು ಕಳಿಸಿದಾಗ, ಬಿಸಿಲಿದ್ದ ಮಧ್ಯಾಹ್ನದಲ್ಲೂ ಮೂವತ್ತನೆಯ ಸೆಕೆಂಡಿಗೆ ‘ಔಟ್ ಆಫ್ ಮೆಮೊರಿ’ ಬಂತು. ಅದೇ ಕೋಡನ್ನು ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗ ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬಂತು. ಬೇಕೆಂದಾಗ ಬರಿಸಬಲ್ಲ ದೋಷ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ, ಮತ್ತು ಎರಡು ಯಂತ್ರಗಳಲ್ಲಿ ಎರಡು ಉತ್ತರ ಬಂದರೆ ಉಳಿದರ್ಧದ ಅರ್ಧವೂ ಆದಂತೆ.

214 ಕೋಟಿ ಸಾಲುಗಳು

ಈಗ ಸಂಖ್ಯೆಗಳನ್ನು ಹತ್ತಿರದಿಂದ ನೋಡಬೇಕು.

ಸಿ ಭಾಷೆಯಲ್ಲಿ ವ್ಯವಸ್ಥೆಯ ಕರೆಯೊಂದು ಸೋತಾಗ ಕಾರಣವು ಎರ್ನೋ ಎಂಬ ಚರದಲ್ಲಿ ಸಿಗುತ್ತದೆ. ಲಿನಕ್ಸಿನಲ್ಲಿ ಆ ಕಾರಣಗಳೆಲ್ಲ ಪುಟ್ಟ ಧನ ಸಂಖ್ಯೆಗಳು: ‘ಫೈಲ್ ಇಲ್ಲ’ ಎಂದರೆ 2, ‘ಮೆಮೊರಿ ಇಲ್ಲ’ ಎಂದರೆ 12, ‘ಸಮಯ ಮೀರಿತು’ ಎಂದರೆ 110. ಇದನ್ನು ನಂಬಿಕೊಂಡು ಲಿನಕ್ಸ್ ಕೋಡಿನಲ್ಲಿ ಒಂದು ಜಾಣ ರೂಢಿ ಬೆಳೆದಿದೆ. ಫಂಕ್ಷನ್ ಗೆದ್ದರೆ ಎಣಿಕೆಯನ್ನು ಹಿಂತಿರುಗಿಸುವುದು, ಸೋತರೆ ಎರ್ನೋದ ಮುಂದೆ ಋಣಚಿಹ್ನೆ ಹಾಕಿ ಹಿಂತಿರುಗಿಸುವುದು; ಕರೆದವರು ಉತ್ತರ ಸೊನ್ನೆಗಿಂತ ಕಡಿಮೆಯೇ ಎಂದು ನೋಡಿದರೆ ಸಾಕು. ನನ್ನ ಪದರದ ಎಲ್ಲ ಫಂಕ್ಷನ್‌ಗಳೂ ಹೀಗೆಯೇ ಇದ್ದವು. ‘ನಡೆಸು’ ಎಂಬ ಮುಖ್ಯ ಫಂಕ್ಷನ್ ಸಿಕ್ಕ ಸಾಲುಗಳ ಸಂಖ್ಯೆಯನ್ನೋ ಋಣ ದೋಷಾಂಕವನ್ನೋ ಕೊಡುತ್ತಿತ್ತು.

ಎರ್ನೋದ ಬೆಲೆಗಳು ಧನವಾಗಿಯೇ ಇರಬೇಕೆಂದು ಇಂದಿನ ಸಿ ಮತ್ತು ಪೋಸಿಕ್ಸ್ ಮಾನಕಗಳು ಹೇಳುತ್ತವೆ ನಿಜ. ಆದರೆ ಬಿಓಎಸ್‌ನ ದೋಷಾಂಕಗಳು ಮೊದಲಿನಿಂದಲೂ ಋಣವಾಗಿದ್ದವು, ಮತ್ತು ಹಳೆಯ ಪ್ರೋಗ್ರಾಂಗಳು ಓಡಬೇಕೆಂಬ ಹಟದಿಂದ ಹೈಕು ಅವನ್ನು ಹಾಗೆಯೇ ಉಳಿಸಿಕೊಂಡಿದೆ. ಮಾನಕದ ಎದುರು ಇದು ತಪ್ಪೇ ಆದರೂ, ತನ್ನ ಹಳೆಯ ಬಳಕೆದಾರರ ಕೈಬಿಡದ ಆ ಹಟವನ್ನು ನಾನು ಅಷ್ಟಾಗಿ ದೂರಲಾರೆ. 32 ಬಿಟ್ ಪೂರ್ಣಾಂಕದಲ್ಲಿ ಹಿಡಿಯಬಲ್ಲ ಅತಿ ಚಿಕ್ಕ ಸಂಖ್ಯೆಯಾದ -2147483648 ಅಲ್ಲಿನ ತಳಹದಿ; ಪ್ರತಿ ದೋಷವೂ ಅದರಿಂದ ಮೇಲಕ್ಕೆ ಎಣಿಸಿದ ಒಂದು ಸ್ಥಾನ. ‘ಸಮಯ ಮೀರಿತು’ ಎಂಬುದು ತಳದಿಂದ 9 ಮೇಲೆ, ಅಂದರೆ -2147483639. ‘ಫೈಲ್ ಇಲ್ಲ’ ಎಂಬುದು -2147459069. ‘ಮೆಮೊರಿ ಇಲ್ಲ’ ಎಂಬುದು ತಳಹದಿಯೇ, -2147483648.

ಇನ್ನು ‘ಕಾಯು’ ಮಾಡಿದ್ದನ್ನು ನೋಡೋಣ. ಅದು -2147483639 ಎಂಬ ದೋಷಾಂಕದ ಮುಂದೆ ನಾನು ಹೇಳಿಕೊಟ್ಟಂತೆ ಇನ್ನೊಂದು ಋಣಚಿಹ್ನೆ ಹಾಕಿತು. ಎರಡು ಋಣ ಸೇರಿ ಧನವಾಯಿತು: 2147483639. ‘ನಡೆಸು’ ಅದನ್ನು ಹಾಗೆಯೇ ಮೇಲಕ್ಕೆ ದಾಟಿಸಿತು. ಮೇಲಿನವನು, ಅಂದರೆ ‘ನಡೆಸು’ವನ್ನು ಕರೆದ ಕೋಡು, ಉತ್ತರ ಸೊನ್ನೆಗಿಂತ ಕಡಿಮೆಯೇ ಎಂದು ನೋಡಿದ, ಅಲ್ಲ. ಹಾಗಾದರೆ ಇದು ಸಾಲುಗಳ ಸಂಖ್ಯೆ. ಅವನ ಪ್ರಕಾರ ಎರಡು ಸಾವಿರ ಪುಸ್ತಕಗಳಿಲ್ಲದ ಸಂಗ್ರಹದಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 639 ಪ್ರಸಂಗಗಳು ಸಿಕ್ಕಿದ್ದವು. ಅಷ್ಟು ಸಾಲುಗಳ ವಿಳಾಸಗಳನ್ನು ಇಟ್ಟುಕೊಳ್ಳಲು, ಒಂದಕ್ಕೆ 8 ಬೈಟಿನಂತೆ 1717986​9112 ಬೈಟ್‌ಗಳನ್ನು, ಅಂದರೆ 16 ಜಿಬಿಗೆ 72 ಬೈಟ್ ಮಾತ್ರ ಕಡಿಮೆ ಮೆಮೊರಿಯನ್ನು ಅವನು ವ್ಯವಸ್ಥೆಯಲ್ಲಿ ಬೇಡಿದ. 2 ಜಿಬಿಯ ಯಂತ್ರ ಇಲ್ಲವೆಂದಿತು. 4 ಜಿಬಿಗೆ ಏರಿಸಿದ ಯಂತ್ರವೂ ಇಲ್ಲವೆಂದಿತು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಮೆಮೊರಿ ಸಿಗದಾಗ ಮೇಲಿನವನು ‘ಮೆಮೊರಿ ಇಲ್ಲ’ ಎಂಬ ದೋಷಾಂಕವನ್ನು ಅದೇ ರೂಢಿಯಂತೆ ಋಣಚಿಹ್ನೆ ಹಾಕಿ ಹಿಂತಿರುಗಿಸಿದ. ಆ ಸಂಖ್ಯೆ -2147483648. ಅದರ ಧನರೂಪವಾದ 2147483648 ಎಂಬುದು 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವುದಿಲ್ಲ; ಅದಕ್ಕಿರುವ ಮಿತಿ 2147483647. ಸಿ ಭಾಷೆಯ ನಿಯಮದಂತೆ ಇಂಥ ಲೆಕ್ಕದ ಫಲ ಇಂಥದ್ದೇ ಎಂಬ ಖಾತರಿಯಿಲ್ಲ, ಆದರೆ ಪ್ರೊಸೆಸರಿನಲ್ಲಿ ನಿಜವಾಗಿ ಆದದ್ದು ಇಷ್ಟೆ: ಸಂಖ್ಯೆ ಸುತ್ತು ಹೊಡೆದು ಮತ್ತೆ -2147483648 ಆಗಿಯೇ ನಿಂತಿತು. ಹಾಗಾಗಿ ಇದು ಋಣವಾಗಿಯೇ ಉಳಿಯಿತು, ದೋಷವೆಂದು ಸರಿಯಾಗಿ ಗುರುತಿಸಲ್ಪಟ್ಟಿತು, ಸಂದೇಶವೂ ಸರಿಯಾಗಿ ಮೂಡಿತು. ಹೈಕುವಿನ ಅಷ್ಟೂ ದೋಷಗಳಲ್ಲಿ ನನ್ನ ಪದರದ ಜರಡಿಯನ್ನು ಕೆಡದೆ ದಾಟಬಲ್ಲದ್ದು ಇದೊಂದೇ. ಅದರಿಂದಾಗಿಯೇ ಕೆಳಗೆ ಯಾವ ತೊಂದರೆ ಹುಟ್ಟಿದರೂ ಮೇಲೆ ಕಾಣಿಸುತ್ತಿದ್ದದ್ದು ಮೆಮೊರಿಯ ಕೊರತೆ.

ಎರಡನೆಯ ಯಂತ್ರದಲ್ಲಿ ಎಸ್‌ಕ್ಯೂಲೈಟ್ ಪ್ರತಿಯನ್ನು ಇನ್ನೂ ಮಾಡಿರಲಿಲ್ಲವಾದ್ದರಿಂದ, ಅಲ್ಲಿ ‘ಫೈಲ್ ಇಲ್ಲ’ ಎಂಬ ದೋಷ ಹುಟ್ಟಿ 2147459069 ಆಗಿ ಅದೇ ದಾರಿ ಹಿಡಿದಿತ್ತು. ಅಲ್ಲಿ ಮೂವತ್ತು ಸೆಕೆಂಡಿನ ಕಾಯುವಿಕೆ ಇರಲಿಲ್ಲ, ಸಂದೇಶ ಮಾತ್ರ ಅದೇ. ಆ ಯಂತ್ರವನ್ನು ಮೊದಲು ನೋಡಿದ್ದರೆ ಬ್ರಾಡ್‌ಬ್ಯಾಂಡಿನ ಕಡೆಗೆ ನನ್ನ ಮನಸ್ಸು ಹೋಗುತ್ತಲೇ ಇರಲಿಲ್ಲ.

ಗುರುತಿಸುವುದು ಹೇಗೆ

ಪೋರ್ಟ್ ಮಾಡಿದ ಪ್ರೋಗ್ರಾಂನಲ್ಲಿ ವಿವರಿಸಲಾಗದ ದೊಡ್ಡ ಎಣಿಕೆ, ಅಳತೆ ಅಥವಾ ಉದ್ದ ಕಂಡರೆ ಅದನ್ನು ಹದಿನಾರರ ಮಾನದಲ್ಲಿ ಮುದ್ರಿಸಿ ನೋಡಬೇಕು. ಎಂಟು ಅಂಕಿಗಳಲ್ಲಿ ಮೊದಲನೆಯದು 8 ಆಗಿ, ಅದರ ಹಿಂದೆ ಸೊನ್ನೆಗಳಿದ್ದರೆ ಅದು ಹೈಕುವಿನ ಅಸಲಿ ದೋಷಾಂಕ. ಮೊದಲನೆಯದು 7 ಆಗಿ ಅದರ ಹಿಂದೆ ಎಫ್‌ಗಳ ಸಾಲು ಇದ್ದರೆ, ಯಾರೋ ದೋಷಾಂಕದ ಚಿಹ್ನೆಯನ್ನು ತಿರುಗಿಸಿದ್ದಾರೆ ಎಂದೇ ಅನುಮಾನಿಸಬೇಕು. ದಶಮಾನದಲ್ಲಾದರೆ 214 ಕೋಟಿಯ ಆಸುಪಾಸಿನ ಯಾವ ಸಂಖ್ಯೆಯೂ ಅನುಮಾನಾಸ್ಪದ. ಚಿಹ್ನೆಯನ್ನು ಸರಿಪಡಿಸಿಕೊಂಡು ಹೈಕುವಿನ ಟರ್ಮಿನಲಿನಲ್ಲಿ ‘ಎರರ್’ ಎಂಬ ಆಜ್ಞೆಗೆ ಕೊಟ್ಟರೆ ಅದರ ಅರ್ಥ ಸಿಗುತ್ತದೆ.

ಕೋಡನ್ನು ಓದುವಾಗ ನಾನು ಹುಡುಕಿದ್ದು ಎರ್ನೋದ ಮುಂದಿನ ಋಣಚಿಹ್ನೆಯನ್ನು ಮಾತ್ರವಲ್ಲ. ಎರ್ನೋ ಸೊನ್ನೆಗಿಂತ ಹೆಚ್ಚೇ ಎಂದು ಕೇಳುವ ಸಾಲುಗಳು ಮೂರು ಸಿಕ್ಕವು. ಹೈಕುವಿನಲ್ಲಿ ಅವು ಎಂದೂ ನಿಜವಾಗುವುದಿಲ್ಲ, ಹಾಗಾಗಿ ದೋಷಗಳು ಸದ್ದಿಲ್ಲದೆ ನುಂಗಿಹೋಗುತ್ತಿದ್ದವು. ದೋಷಾಂಕವನ್ನೇ ಪಟ್ಟಿಯೊಂದರ ಸ್ಥಾನಸಂಖ್ಯೆಯಾಗಿ ಬಳಸಿ ಕನ್ನಡ ಸಂದೇಶ ಎತ್ತಿಕೊಳ್ಳುವ ಜಾಗವೊಂದಿತ್ತು. ಅಲ್ಲಿಗೆ ತಲುಪಿದ್ದರೆ ಪ್ರೋಗ್ರಾಂ ಅಲ್ಲೇ ಬೀಳುತ್ತಿತ್ತು. ದೋಷಗಳನ್ನು ದಾಖಲಿಸುವ ಕೋಷ್ಟಕದಲ್ಲಿ ದೋಷಾಂಕದ ಅಂಕಣ ‘ಸ್ಮಾಲ್‌ಇಂಟ್’ ಆಗಿತ್ತು. ಅದರ ಮಿತಿ 32767. ದೋಷವನ್ನು ದಾಖಲಿಸಲು ಹೋದರೆ ದಾಖಲಿಸುವ ಕೆಲಸವೇ ಸೋಲುವ ಪರಿಸ್ಥಿತಿ ಅದು. ಪೋಸ್ಟ್‌ಗ್ರೆಸ್‌ನ ‘ಇಂಟಿಜರ್’ಗೆ -2147483648 ಸರಿಯಾಗಿ ಹಿಡಿಸುತ್ತದಾದ್ದರಿಂದ ಅಂಕಣವನ್ನು ಅದಕ್ಕೆ ಬದಲಿಸಿದರೆ ಸಾಕಾಯಿತು.

ಪರಿಹಾರ

ಹೈಕು ಇದಕ್ಕೆಂದೇ ಒಂದು ಸಿದ್ಧ ಉಪಾಯವನ್ನು ಇಟ್ಟಿದೆ. ‘ಧನ ಪೋಸಿಕ್ಸ್ ದೋಷಗಳು ಬೇಕು’ ಎಂಬ ಸೂಚನೆಯನ್ನು ಕಂಪೈಲರಿಗೆ ಕೊಟ್ಟು, ‘ಪೋಸಿಕ್ಸ್ ಎರರ್ ಮ್ಯಾಪರ್’ ಎಂಬ ಲೈಬ್ರರಿಯನ್ನು ಸೇರಿಸಿದರೆ, ಆ ಪ್ರೋಗ್ರಾಂನ ಕಣ್ಣಿಗೆ ಎಲ್ಲ ದೋಷಾಂಕಗಳೂ ಧನವಾಗಿ ಕಾಣುತ್ತವೆ. ಪೂರ್ತಿ ಸಿ ಭಾಷೆಯಲ್ಲಿರುವ, ಹೈಕುವಿನ ಕಿಟಕಿಗಳ ಗೊಡವೆಯಿಲ್ಲದ ಟರ್ಮಿನಲ್ ಪ್ರೋಗ್ರಾಂಗೆ ಇದು ಒಳ್ಳೆಯ ದಾರಿ, ಮತ್ತು ಸಾವಿರಾರು ಸಾಲುಗಳ ಪರಕೀಯ ಕೋಡನ್ನು ತರುವವರು ಇದನ್ನೇ ಮೊದಲು ಪ್ರಯತ್ನಿಸಬೇಕು. ನನಗೆ ಇದು ಹೊಂದಲಿಲ್ಲ. ಒಂದೇ ಪ್ರೋಗ್ರಾಂನಲ್ಲಿ ಅರ್ಧ ಭಾಗ ಧನ ದೋಷಾಂಕಗಳನ್ನೂ, ಹೈಕುವಿನ ಸ್ವಂತ ಫಂಕ್ಷನ್‌ಗಳನ್ನು ಕರೆಯುವ ಉಳಿದರ್ಧ ಋಣ ದೋಷಾಂಕಗಳನ್ನೂ ಆಡುತ್ತಿದ್ದರೆ, ಗಡಿಯಲ್ಲಿ ಮತ್ತೆ ಇದೇ ಗೊಂದಲ ಹುಟ್ಟುತ್ತದೆ, ಮತ್ತು ಈ ಸಲ ಹುಡುಕುವುದು ಇನ್ನೂ ಕಷ್ಟ.

ಆದ್ದರಿಂದ ಎಣಿಕೆಯನ್ನೂ ದೋಷವನ್ನೂ ಒಂದೇ ಚೀಲಕ್ಕೆ ತುಂಬುವ ರೂಢಿಯನ್ನೇ ಬಿಟ್ಟೆ. ಈಗ ಪದರದ ಪ್ರತಿ ಫಂಕ್ಷನ್ ಗೆದ್ದರೆ ಸೊನ್ನೆಯನ್ನು, ಸೋತರೆ ಎರ್ನೋವನ್ನು ಇದ್ದದ್ದು ಇದ್ದಹಾಗೆ ಹಿಂತಿರುಗಿಸುತ್ತದೆ. ಸಾಲುಗಳ ಸಂಖ್ಯೆ ಬೇರೆ ಚರದಲ್ಲಿ ಹೋಗುತ್ತದೆ. ಕರೆದವರು ‘ಸೊನ್ನೆಗಿಂತ ಕಡಿಮೆಯೇ’ ಎಂದು ಕೇಳುವ ಬದಲು ‘ಸೊನ್ನೆಯೇ, ಅಲ್ಲವೇ’ ಎಂದಷ್ಟೇ ಕೇಳುತ್ತಾರೆ. ಇದೇ ಕೋಡು ಲಿನಕ್ಸಿನಲ್ಲೂ ಒಂದಕ್ಷರ ಬದಲಾಗದೆ ಓಡುತ್ತದೆ. ಬದಲಾವಣೆಗೆ ಎರಡು ಸಂಜೆ ಹಿಡಿಯಿತು. ಅದರಲ್ಲಿ ಒಂದು ಸಂಜೆ ಹೋದದ್ದು ಕರೆಯುವ ಜಾಗಗಳನ್ನು ಹುಡುಕುವುದಕ್ಕೆ.

ಸರಿಪಡಿಸಿದ ಮೇಲೆ ಕಾಣಿಸಿದ ಎರಡನೆಯ ದೋಷ

ಸಮಯ ಮೀರಿದ್ದು ಸಮಯ ಮೀರಿದ್ದೆಂದೇ ಕಾಣತೊಡಗಿದ ಮೇಲೆ, ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಬಂತು. ‘ಅನದರ್ ಕಮಾಂಡ್ ಈಸ್ ಆಲ್ರೆಡಿ ಇನ್ ಪ್ರೋಗ್ರೆಸ್’, ಹಿಂದಿನ ಆಜ್ಞೆ ಇನ್ನೂ ನಡೆಯುತ್ತಿದೆ ಎಂದು ಲಿಬ್‌ಪಿಕ್ಯೂ ಹೇಳುವ ಮಾತು. ಇದಕ್ಕೆ ಎರಡು ಕಾರಣಗಳಿರಬಹುದು, ಮತ್ತು ನನ್ನಲ್ಲಿ ಎರಡೂ ಇದ್ದವು.

ಮೊದಲನೆಯದು ಸರಳ. ಸಮಯ ಮೀರಿದಾಗ ನಾನು ಕಾಯುವುದನ್ನು ಬಿಟ್ಟೆನೇ ಹೊರತು ಲಿಬ್‌ಪಿಕ್ಯೂವಿನ ಲೆಕ್ಕದಲ್ಲಿ ಆ ಪ್ರಶ್ನೆ ಮುಗಿದಿರಲಿಲ್ಲ. ಅದೇ ಸಂಪರ್ಕದಲ್ಲಿ ಮುಂದಿನ ಪ್ರಶ್ನೆ ಕಳಿಸಹೋದರೆ ಅದು ತಕರಾರು ಮಾಡುವುದು ನ್ಯಾಯವೇ. ಸಮಯ ಮೀರಿದ ಸಂಪರ್ಕವನ್ನು ಮುಚ್ಚಿ ಹೊಸದನ್ನು ತೆರೆಯುವುದೇ ಇದಕ್ಕೆ ದಾರಿ. ಸರ್ವರಿನ ಕಡೆ ಪ್ರಶ್ನೆಗೆ ಸಮಯದ ಮಿತಿ ಹಾಕಬಹುದಲ್ಲ ಎಂದು ಕೇಳಿದರೆ, ಹಾಕಬಹುದು. ಆದರೆ ನಡುವಿನ ತಂತಿಯೇ ಕಡಿದಾಗ ಸರ್ವರ್ ಕೊಡುವ ತೀರ್ಪು ಉಡುಪಿಗೆ ತಲುಪುವುದಿಲ್ಲ.

ಎರಡನೆಯದು ಹೈಕುವಿನ ಸ್ವಭಾವಕ್ಕೆ ಸಂಬಂಧಿಸಿದ್ದು. ಬಿಓಎಸ್‌ನಿಂದ ಬಂದ ಪದ್ಧತಿಯಂತೆ ಇಲ್ಲಿ ಪ್ರತಿ ಕಿಟಕಿಗೂ ತನ್ನದೇ ಥ್ರೆಡ್ ಇರುತ್ತದೆ. ಲಿನಕ್ಸಿನ ನನ್ನ ಹಳೆಯ ಪ್ರೋಗ್ರಾಂನಲ್ಲಿ ಎಲ್ಲ ಕಿಟಕಿಗಳೂ ಒಂದೇ ಥ್ರೆಡ್‌ನಲ್ಲಿ ಸರದಿಯಂತೆ ಕೆಲಸ ಮಾಡುತ್ತಿದ್ದುದರಿಂದ ಎಲ್ಲರಿಗೂ ಒಂದೇ ಸಂಪರ್ಕ ಸಾಕಾಗಿತ್ತು. ಹೈಕುವಿಗೆ ಬಂದಾಗ ನಾನು ಒಂದೂ ಥ್ರೆಡ್ ಸೃಷ್ಟಿಸಲಿಲ್ಲ. ಆದರೂ ಹುಡುಕುವ ಕಿಟಕಿ, ಪುಸ್ತಕ ಎರವಲು ಕೊಡುವ ಕಿಟಕಿ ಎರಡೂ ಬೇರೆ ಬೇರೆ ಥ್ರೆಡ್‌ಗಳಿಂದ ಒಂದೇ ಸಂಪರ್ಕಕ್ಕೆ ಕೈ ಹಾಕುತ್ತಿದ್ದವು. ಒಂದು ಸಂಪರ್ಕವನ್ನು ಎರಡು ಥ್ರೆಡ್‌ಗಳು ಏಕಕಾಲಕ್ಕೆ ಬಳಸಬಾರದೆಂದು ಲಿಬ್‌ಪಿಕ್ಯೂ ದಾಖಲೆಗಳು ಸ್ಪಷ್ಟವಾಗಿ ಹೇಳುತ್ತವೆ. ಈ ದೋಷ ಸುಮ್ಮನೆ ಸಂದೇಶ ಕೊಟ್ಟು ಬಿಡುವುದು ಅದೃಷ್ಟ. ಒಬ್ಬರ ಉತ್ತರ ಇನ್ನೊಬ್ಬರ ಕಿಟಕಿಯಲ್ಲಿ ಮೂಡುವ ಅಪಾಯವೂ ಇದರಲ್ಲಿದೆ.

ಯಾವ ಕಾರಣವೆಂದು ತಿಳಿಯಲು, ಪ್ರಶ್ನೆ ಕಳಿಸುವ ಮೊದಲು ಪ್ರಸ್ತುತ ಥ್ರೆಡ್‌ನ ಗುರುತುಸಂಖ್ಯೆಯನ್ನು ಮುದ್ರಿಸಿದರೆ ಸಾಕು. ಒಂದೇ ಸಂಖ್ಯೆ ಎರಡು ಸಲ ಬಂದು ಆಮೇಲೆ ದೋಷ ಬಂದರೆ ಮೊದಲನೆಯದು. ಎರಡು ಸಂಖ್ಯೆಗಳು ಹೆಣೆದುಕೊಂಡು ಬಂದರೆ ಎರಡನೆಯದು. ಪ್ರತಿ ಕಿಟಕಿಗೂ ಬೇರೆ ಸಂಪರ್ಕ ಕೊಡಬಹುದಿತ್ತು. ನಾನು ಡೇಟಾಬೇಸಿಗೆಂದೇ ಒಂದು ಬಿ-ಲೂಪರ್ (ಸಂದೇಶಗಳನ್ನು ತನ್ನದೇ ಥ್ರೆಡ್‌ನಲ್ಲಿ ಸರದಿಯಂತೆ ನಿಭಾಯಿಸುವ ಹೈಕುವಿನ ಘಟಕ) ಇಟ್ಟು, ಕಿಟಕಿಗಳು ಅದಕ್ಕೆ ಸಂದೇಶ ಕಳಿಸಿ ಉತ್ತರವನ್ನು ಸಂದೇಶವಾಗಿಯೇ ಪಡೆಯುವಂತೆ ಮಾಡಿದೆ. ಇದರಿಂದ ಇನ್ನೊಂದು ಕಾಟವೂ ತಪ್ಪಿತು: ಮೊದಲು ಉತ್ತರ ಕಾಯುವ ಕಿಟಕಿಯ ಒಳಭಾಗ ಮೂವತ್ತು ಸೆಕೆಂಡು ಕಲ್ಲಿನಂತೆ ನಿಂತಿರುತ್ತಿತ್ತು, ಅದರ ತಲೆಪಟ್ಟಿಯನ್ನು ಹಿಡಿದು ಅತ್ತಿತ್ತ ಎಳೆಯಲು ಮಾತ್ರ ಬರುತ್ತಿತ್ತು.

ಪೋರ್ಟಿನ ದೋಷವೆಂದು ತಪ್ಪಾಗಿ ಬರೆದುಕೊಂಡವು

ಪಟ್ಟಿಯಲ್ಲಿ ಇನ್ನೆರಡು ಇದ್ದವು. ‘ಯೂಸರ್’ ಎಂಬ ಬಳಕೆದಾರನ ಪಾಸ್‌ವರ್ಡ್ ಸರಿಯಿಲ್ಲ ಎಂದು ಸರ್ವರ್ ಒಮ್ಮೆ ಹೇಳಿತ್ತು. ಅಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ. ಸಂಪರ್ಕದ ವಿವರದಲ್ಲಿ ಹೆಸರು ಕೊಡದಿದ್ದರೆ ಲಿಬ್‌ಪಿಕ್ಯೂ ಕಾರ್ಯಾಚರಣೆ ವ್ಯವಸ್ಥೆಯ ಬಳಕೆದಾರನ ಹೆಸರನ್ನೇ ಹಿಡಿಯುತ್ತದೆ, ಮತ್ತು ಹೈಕುವಿನಲ್ಲಿ ಆ ಹೆಸರು ‘ಯೂಸರ್’ ಎಂದೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರೂ ಡೇಟಾಬೇಸಿನ ಹೆಸರೂ ಒಂದೇ ಆಗಿದ್ದರಿಂದ ಇದು ಎಂದೂ ಗಮನಕ್ಕೆ ಬಂದಿರಲಿಲ್ಲ. ಹೆಸರನ್ನು ಸ್ಪಷ್ಟವಾಗಿ ಬರೆದರೆ ಮುಗಿಯಿತು.

ಇನ್ನೊಂದನ್ನು ಎತ್ತಿದವರು ಆ ಹಿರಿಯರೇ. ನೆಟ್ ಇಲ್ಲದಾಗ ಪಟ್ಟಿಯಲ್ಲಿ ‘ನಳ ದಮಯಂತಿ’ಯು ನಹುಷನ ಪ್ರಸಂಗಕ್ಕಿಂತ ಮೊದಲು ಬರುತ್ತದೆ, ಅಕ್ಷರಮಾಲೆಯಲ್ಲಿ ಳ ಕೊನೆಯದಲ್ಲವೇ ಎಂದು ಕೇಳಿದರು. ಸರಿಯೇ. ಎಸ್‌ಕ್ಯೂಲೈಟ್ ತಾನಾಗಿ ಬೈಟುಗಳನ್ನು ಹೋಲಿಸಿ ಜೋಡಿಸುತ್ತದೆ, ಮತ್ತು ಯುನಿಕೋಡಿನಲ್ಲಿ ಳಕಾರದ ಸ್ಥಾನ ಲಕಾರದ ಬೆನ್ನಿಗೇ ಇದೆ, ಹಕಾರ ಅದರ ನಂತರ ಬರುತ್ತದೆ. ಇದಕ್ಕೂ ಹೈಕುವಿಗೂ ಸಂಬಂಧವಿಲ್ಲ, ಲಿನಕ್ಸಿನಲ್ಲೂ ಹೀಗೆಯೇ. ಎಸ್‌ಕ್ಯೂಲೈಟಿಗೆ ನಮ್ಮದೇ ಹೋಲಿಕೆಯ ಫಂಕ್ಷನ್ ಕೊಡಲು ಅವಕಾಶವಿರುವುದರಿಂದ ಳಕಾರವನ್ನು ಹಕಾರದ ಆಚೆಗೆ ಕಳಿಸುವ ಒಂದನ್ನು ಬರೆದುಕೊಟ್ಟೆ.

ಪರೀಕ್ಷೆ

ಪ್ರತಿ ಹೊಸ ಆವೃತ್ತಿಯನ್ನು ಕೊಡುವ ಮೊದಲು ಈಗ ನಾಲ್ಕು ಕೆಲಸ ಮಾಡುತ್ತೇನೆ. ಪಿಜಿ ಸ್ಲೀಪ್‌ಗೆ 60 ಕೊಟ್ಟು ಓಡಿಸಿದರೆ ಮೂವತ್ತನೆಯ ಸೆಕೆಂಡಿಗೆ ‘ಸಮಯ ಮೀರಿದೆ’ ಎಂದು ಬರಬೇಕು, ಮತ್ತು ಅದರ ಬೆನ್ನಿಗೇ ಕಳಿಸಿದ ಸಾಮಾನ್ಯ ಹುಡುಕಾಟಕ್ಕೆ ಸರಿಯಾದ ಉತ್ತರ ಬರಬೇಕು. ಹುಡುಕಾಟದ ನಡುವೆ ನೆಟ್‌ವರ್ಕ್ ಕೇಬಲನ್ನು ಕಿತ್ತರೂ ಅದೇ ಆಗಬೇಕು. ಎಸ್‌ಕ್ಯೂಲೈಟ್ ಪ್ರತಿಯ ಹೆಸರು ಬದಲಿಸಿಟ್ಟರೆ ‘ಫೈಲ್ ಇಲ್ಲ’ ಎಂದು ಕೂಡಲೇ ಹೇಳಬೇಕು. ಕೊನೆಯದಾಗಿ, ಬೇಕೆಂದೇ 16 ಜಿಬಿ ಕೇಳುವ ಒಂದು ಗುಪ್ತ ಗುಂಡಿಯಿದೆ. ಅದನ್ನು ಒತ್ತಿದಾಗ, ಅದೊಂದನ್ನು ಒತ್ತಿದಾಗ ಮಾತ್ರ, ‘ಮೆಮೊರಿ ಸಾಲದು’ ಎಂದು ಬರಬೇಕು.